ಜೀವ ಇತ್ತು ಎಂದೆ

ಆ ಚಿಗರಿಯಲ್ಲಿ ಜೀವ ಇರಲಿಲ್ಲ, ರಾಬಿಯಾ. ನಾನು ಚಾಕು ಹಿಡಿದು ಅದರ ಬಳಿ ಹೋಗಿ ನಿಂತಾಗ ಅದು ಆಗಲೇ ಸತ್ತಿತ್ತು. ಸತ್ತದ್ದರ ಕೊರಳ ಮೇಲೆ ಚಾಕು ಆಡಿಸಿ, ಜೀವ ಇತ್ತು ಎಂದು ನಿನ್ನ ಅಬ್ಬಾಗೆ ಹೇಳಿದೆ. ಆ ಮಾಂಸವನ್ನು ಅವರು ಉಂಡರು, ನೀನು ಉಂಡೆ. ಆಗ ನಿನ್ನ ಹೊಟ್ಟೆಯಲ್ಲಿದ್ದ ನಮ್ಮ ಮಗಳೂ ಉಂಡಳು ಅಂತಲೇ ಅನ್ನಬೇಕು.

ಮನೆಯ ಮಾತಾದ ದಖ್ನಿಯಲ್ಲಿ ಇದನ್ನು ನಿನ್ನೆದುರು ಎಷ್ಟೋ ಸಲ ಶುರು ಮಾಡಿದ್ದೇನೆ — ನೀನು ತಲೆಯೆತ್ತಿ ನೋಡಿದೊಡನೆ ಮಾತು ಅಂಗಡಿಯ ಕಡೆಗೋ ಬಿಸಿಲಿನ ಕಡೆಗೋ ತಿರುಗಿಬಿಡುತ್ತಿತ್ತು. ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಮೊದಲು ಬರೆದುಕೊಂಡರೆ ಬಾಯಿಗೂ ಧೈರ್ಯ ಬಂದೀತು ಎಂದು ಕೂತಿದ್ದೇನೆ. ನೀನು ಓದಲಾರದ ಅಕ್ಷರದಲ್ಲಿ ತಪ್ಪೊಪ್ಪಿಕೊಳ್ಳುವುದೂ ಒಂದು ಕಳ್ಳ ಜಾಣತನವೇ, ಗೊತ್ತಿದೆ. ಇರಲಿ, ಎಲ್ಲಿಂದಲಾದರೂ ಶುರುವಾಗಬೇಕಲ್ಲ.

ಎಪ್ಪತ್ತರ ದಶಕ ಆಗಷ್ಟೇ ಆರಂಭವಾಗಿತ್ತು. ಚಿಗರಿ ಹೊಡೆಯಬಾರದೆಂಬ ಕಾಯ್ದೆ ಬರುವುದಕ್ಕೆ ತುಸು ಮುಂಚಿನ ಮಾತು. ನಿನಗೆ ಏಳನೇ ತಿಂಗಳು. ಬಸುರಿಗೆ ಮಾಡುವ ಸತ್ವಾಸಾ ಶಾಸ್ತ್ರಕ್ಕೆಂದು ನೀನು ಮಾನ್ವಿಯ ತವರಿಗೆ ಹೋಗಿದ್ದೆ. ಮೊದಲೆರಡು ಬಸಿರು ನಿಂತಿರಲಿಲ್ಲ, ಹಾಗಾಗಿ ನೀನು ಬಯಸಿದ್ದಕ್ಕೆ ಮನೆಯಲ್ಲಿ ಯಾರೂ ಇಲ್ಲ ಅನ್ನುತ್ತಿರಲಿಲ್ಲ. ನೀನು ಬಯಸಿದ್ದಾದರೂ ಏನು — ಚಿಕ್ಕವಳಿದ್ದಾಗ ಅಬ್ಬಾ ತರುತ್ತಿದ್ದ ಚಿಗರಿ ಮಾಂಸ, ಬಿಸಿ ಜೋಳದ ರೊಟ್ಟಿ. ನಿನ್ನ ಅಬ್ಬಾ, ಅಂದರೆ ನನ್ನ ಮಾಮು, ಕಣ್ಣು ಮಂಜಾಯಿತೆಂದು ಬಂದೂಕನ್ನು ಪೆಟ್ಟಿಗೆಗೆ ಸೇರಿಸಿ ವರ್ಷಗಳೇ ಆಗಿದ್ದವು. ನೀನು ಬಾಯಿಬಿಟ್ಟ ಮರುದಿನವೇ ಪೆಟ್ಟಿಗೆ ತೆರೆದು, ಅದಕ್ಕೆ ಎಣ್ಣೆ ಹಚ್ಚುತ್ತ ಅಂಗಳದಲ್ಲಿ ಕೂತರು.

ಆ ಬಂದೂಕು ನಿನಗೆ ನೆನಪಿರಬೇಕು. ನಿಜಾಮರ ಕಾಲದಲ್ಲಿ ನಿನ್ನ ದಾದಾ, ಮಾಮುವಿನ ಅಪ್ಪ, ಒಬ್ಬ ಜಾಗೀರದಾರರ ಬಳಿ ಬೇಟೆಗಾರರಾಗಿದ್ದಾಗ ಇನಾಮು ಬಂದದ್ದು. ಕಿರುಬೆರಳು ಹೋಗುವಷ್ಟು ಅಗಲದ ನಳಿಗೆ. ಕುದುರೆ ಏರುವವನು ಕಾಲಿಡುವ ರಿಕಾಬಿನಂತೆ ಕೆಳಗೊಂದು ಹಿಡಿಕೆ. ಅದನ್ನು ಕೆಳಕ್ಕೆ ತಳ್ಳಿ ಮೇಲಕ್ಕೆಳೆದರೆ ಖಾಲಿ ಕಾಡತೂಸು ಹೊರಗೆ ಹಾರಿ, ಹೊಸದು ಒಳಗೆ ಕೂರುತ್ತಿತ್ತು. ಗುಂಡು ಬಲು ಭಾರ, ದೂರ ಹೋದಷ್ಟೂ ನೆಲದ ಕಡೆ ಇಳಿಯುತ್ತದೆ. ಮಾಮು ಅದಕ್ಕೇ ದೂರದ ಬೇಟೆಗೆ ಆಸೆಪಡುತ್ತಿರಲಿಲ್ಲ ಎಂದುಕೊಂಡಿದ್ದೆ. ಆದರೆ ಅವರ ಅಳತೆಯೇ ಬೇರೆ ಇತ್ತು. ಗುಂಡು ತಗುಲಿದ ಪ್ರಾಣಿಯ ಉಸಿರು ನಿಲ್ಲುವುದರೊಳಗೆ ಓಡಿಹೋಗಿ, ದೇವರ ಹೆಸರು ಹೇಳಿ ಕೊರಳಿಗೆ ಚಾಕು ಹಾಕಬೇಕು; ಇಲ್ಲದಿದ್ದರೆ ಅದು ನಮಗೆ ಹರಾಮು. ಆದ್ದರಿಂದ ಕಾಲು ಎಷ್ಟು ದೂರ ಓಡಬಲ್ಲದೋ ಅಷ್ಟೇ ದೂರಕ್ಕೆ ಗುಂಡು. ತಲೆಗೆ, ಕೊರಳಿಗೆ ಗುರಿ ಇಡುವಂತಿಲ್ಲ — ಅಷ್ಟು ದಪ್ಪ ಗುಂಡು ಅಲ್ಲಿ ಬಿದ್ದರೆ ಚಾಕುವಿಗೆ ಕೆಲಸವೇ ಉಳಿಯುವುದಿಲ್ಲ. ಮುಂಗಾಲಿನ ಹಿಂದೆ, ಪಕ್ಕೆಗೆ ಹೊಡೆಯುತ್ತಿದ್ದರು. ಓಡುವವನು ತಡಮಾಡಿದರೆ ಪ್ರಾಣಿ ನರಳುತ್ತದೆ, ಇಲ್ಲವೇ ಹರಾಮಾಗುತ್ತದೆ. ಎರಡನ್ನೂ ಅವರು ಸಹಿಸುತ್ತಿರಲಿಲ್ಲ.

ಹರೆಯದಲ್ಲಿ ತಾವೇ ಹೊಡೆದು ತಾವೇ ಓಡುತ್ತಿದ್ದರಂತೆ. ಈಗ ಮೊಣಕಾಲು ಕೈಕೊಟ್ಟಿತ್ತು. ಹೊರಡುವಾಗ ಚಾಕುವನ್ನು ನನ್ನ ಕೈಗಿಟ್ಟು, ಗುಂಡು ನನ್ನದು, ಕಾಲು ನಿಮ್ಮದು ಎಂದರು. ರಾಯಚೂರಿನ ಬಜಾರಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಬಳೆ ಮಾರುವವನ ಕಾಲು! ನನಗೇ ನಗು ಬಂತು. ಆದರೂ ಒಳಗೊಳಗೆ ಹಿಗ್ಗಿದೆ, ಸುಳ್ಳೇಕೆ ಹೇಳಲಿ.

ದೇವದುರ್ಗದ ಕಡೆ ಮಸರಕಲ್‌ನಲ್ಲಿ ಮಾಮುವಿನ ಹಳೆಯ ಗೆಳೆಯ ಭೀಮಣ್ಣನ ಹೊಲಕ್ಕೆ ಹೋದೆವು. ಅವನ ಕಡಲೆ ಬೆಳೆಗೆ ಬೆಳಗಾಗುತ್ತಲೇ ಚಿಗರಿ ಹಿಂಡು ಇಳಿಯುತ್ತಿತ್ತು. ಭೀಮಣ್ಣ ಬಾಯಿ ಸುಮ್ಮನಿಡುವ ಆಸಾಮಿಯಲ್ಲ. ನನ್ನ ಕೈಯಲ್ಲಿದ್ದ ಚಾಕುವನ್ನೂ ನನ್ನ ಹೊಟ್ಟೆಯನ್ನೂ ನೋಡಿ ಹೇಳಿದ:

“ನಮಗಾದ್ರ ಸತ್ತು ಬಿದ್ದಿದ್ದೂ ನಡೀತದ. ನಿಮ್ದು ಓಡಿ ಉಣ್ಣೂ ಊಟರೀ ಸಾಹೇಬ್ರ.”

ಹೊಲದ ಒಡ್ಡಿನ ಹಿಂದೆ ಮೂವರೂ ಕೂತೆವು. ಒಂದು ಕರಿ ಗಂಡು ಹಿಂಡಿನಿಂದ ಬೇರೆಯಾಗಿ ಮೇಯುತ್ತ ಬರುತ್ತಿತ್ತು. ಮಾಮು ಕಣ್ಣು ಕಿರಿದಾಗಿಸಿ ಅದನ್ನು ನೋಡಿದರು, ಹೊಲದಲ್ಲಿದ್ದ ಜಾಲಿಗಿಡವನ್ನು ನೋಡಿದರು, ಆಮೇಲೆ ನನ್ನ ಕಾಲು ನೋಡಿದರು. ಚಿಗರಿ ಜಾಲಿಗಿಡ ದಾಟಿ ಈಚೆಗೆ ಬರುವವರೆಗೂ ಕಾದರು. ಆ ಕಾಯುವಿಕೆಯೆಲ್ಲ ನನಗಾಗಿ ಇತ್ತು, ರಾಬಿಯಾ — ಬೇಟೆಗಾಗಿ ಅಲ್ಲ. ನನ್ನ ಕಾಲಿನ ಮೇಲೆ ಅವರಿಗಿದ್ದ ನಂಬಿಕೆಯನ್ನು ಅವರು ಗಜಗಳಲ್ಲಿ ಅಳೆಯುತ್ತಿದ್ದರು.

ಗುಂಡು ಹಾರಿತು. ಚಿಗರಿ ಮುಗ್ಗರಿಸಿ, ಎದ್ದು, ಮತ್ತೆ ಬಿತ್ತು. ಮಾಮುವಿನ ಕೈ ರೂಢಿಯಂತೆ ಹಿಡಿಕೆ ಎಳೆಯಿತು. ಖಾಲಿ ಕಾಡತೂಸು ಹಾರಿ ಬಂದು ನನ್ನ ಮುಂದೆಯೇ ಕರಿಮಣ್ಣಿನ ಮೇಲೆ ಬಿತ್ತು. ಹೊಳೆಯುವ ಹಿತ್ತಾಳೆ. ಬಿಸಿಲು ಆಗತಾನೇ ಏರುತ್ತಿತ್ತು…

ನಾನು ಬಗ್ಗಿದೆ. ಚಾಕು ಹಿಡಿದು ಓಡಬೇಕಾದವನು ಬಗ್ಗಿದೆ. ಹೊಳೆಯುವುದು ಕಂಡರೆ ಬಳೆಗಾರನ ಕೈ ನಿಲ್ಲುವುದಿಲ್ಲ ಎಂದು ನೀನೇ ಎಷ್ಟು ಸಲ ಕಿಚಾಯಿಸಿದ್ದೀಯ. ಕಾಡತೂಸು ಕಾದಿತ್ತು, ಬೆರಳು ಸುಟ್ಟಿತು, ಕೈಬಿಟ್ಟೆ. ಅಷ್ಟಕ್ಕಾದರೂ ಬಿಟ್ಟು ಓಡಬಾರದಿತ್ತೇ? ಮತ್ತೆ ಬಗ್ಗಿ, ರುಮಾಲಿನಲ್ಲಿ ಹಿಡಿದು ಜೇಬಿಗೆ ಹಾಕಿಕೊಂಡೆ. ಮಾಮುವಿನ ಕಣ್ಣು ಚಿಗರಿಯ ಮೇಲಿತ್ತು, ನನ್ನ ಮೇಲೆ ಇರಲಿಲ್ಲ. ಹಿಂದಿನಿಂದ ಭೀಮಣ್ಣ ಮೆಲ್ಲಗೆ, ಓಡ್ರೀ, ಅಂದ. ಆಮೇಲೆ ಓಡಿದೆ. ಹೌದು, ಆಮೇಲೆ ಚೆನ್ನಾಗಿಯೇ ಓಡಿದೆ.

ಚಿಗರಿ ಕಣ್ಣು ತೆರೆದೇ ಮಲಗಿತ್ತು. ರೆಪ್ಪೆ ಮುಟ್ಟಿದೆ, ಮಿಟುಕಲಿಲ್ಲ. ಮೂಗಿನ ಮುಂದೆ ಅಂಗೈ ಹಿಡಿದೆ, ಏನೂ ಇಲ್ಲ. ಮೈ ಇನ್ನೂ ಬಿಸಿಯಿತ್ತು — ಈಗಷ್ಟೇ, ಈಗಷ್ಟೇ ಹೋಗಿತ್ತು. ದೇವರ ಹೆಸರು ಹೇಳಿ ಚಾಕು ಎಳೆದೆ. ಜೀವವಿದ್ದರೆ ಚಿಮ್ಮಬೇಕಾಗಿದ್ದ ರಕ್ತ ಸುಮ್ಮನೆ ಜಿನುಗಿತು. ಅದರ ಮೇಲೆ ಕಾಲಿನಿಂದ ಮಣ್ಣು ದೂಡಿದೆ.

ಮಾಮು ಭೀಮಣ್ಣನ ಹೆಗಲು ಹಿಡಿದು ಕುಂಟುತ್ತ ಬಂದರು. ಹೊಲದಲ್ಲಿ, ಗೆಳೆಯನ ಎದುರು, ಅವರು ಕನ್ನಡವನ್ನೇ ಆಡುತ್ತಿದ್ದರು; ಅಳಿಯನನ್ನು ಕರೆಯುವುದು ಮಾತ್ರ ನಮ್ಮ ಮಾತಿನಲ್ಲಿ.

“ಜೀವ ಇತ್ತೇನ್ರಿ, ದುಲ್ಹೆಮಿಯಾ?”

“ಇತ್ರಿ, ಮಾಮು.”

ಇಷ್ಟೇ. ಆಗ ನನಗೆ ನಿನ್ನ ಬಯಕೆ ನೆನಪಾಯಿತು ಎನ್ನಬಹುದು, ಅವರ ಮುಖ ನೋಡಲಾಗಲಿಲ್ಲ ಎನ್ನಬಹುದು. ಎರಡೂ ನಿಜವೇ. ಆದರೆ ಎಲ್ಲಕ್ಕಿಂತ ಮೊದಲು ನೆನಪಾದದ್ದು ಜೇಬಿನಲ್ಲಿದ್ದ ಕಾಡತೂಸು. ಇಲ್ಲ ಎಂದಿದ್ದರೆ, ಯಾಕೆ ತಡವಾಯಿತು ಎಂದು ಕೇಳುತ್ತಿದ್ದರು. ಮಾಮು ನನ್ನ ತಲೆಯ ಮೇಲೆ ಕೈಯಿಟ್ಟರು. ಅವರ ಕಣ್ಣು ತುಂಬಿತ್ತು.

ಮದುವೆಯ ಮನೆಗಳಲ್ಲಿ ಕೂಡ ಕೊಯ್ದವರು ಯಾರೆಂದು ಕೇಳದೆ ಮಾಂಸ ಮುಟ್ಟದ ಮನುಷ್ಯ. ಅವರೇ ಅಂದು ಮೊದಲ ತುತ್ತನ್ನು ಮುರಿದು ನಿನ್ನ ಬಾಯಿಗಿಟ್ಟರು. ನೀನು ಕಣ್ಣು ಮುಚ್ಚಿಕೊಂಡು ಉಂಡೆ. ನನ್ನ ಬೆರಳಿನ ಬೊಬ್ಬೆ ನೋಡಿ ಏನಾಯಿತೆಂದು ಕೇಳಿದೆ. ನಳಿಗೆ ಮುಟ್ಟಿದೆ ಎಂದೆ. ಒಂದು ಸುಳ್ಳಿಗೆ ಇನ್ನೊಂದು ಕಾವಲು. ನೀನು ತುಪ್ಪ ಸವರಿದೆ.

ಮಾಮು ಮತ್ತೆ ಬಂದೂಕು ಮುಟ್ಟಲಿಲ್ಲ. ಆದರೆ ಆ ಕೊನೆಯ ಬೇಟೆಯ ಕಥೆಯನ್ನು ಎಷ್ಟು ಜನಕ್ಕೆ ಹೇಳಿದರು! ನನ್ನ ಅಂಗಡಿಗೆ ಬಂದು ಕೂತರೆ ಬಳೆ ಇಡಿಸಿಕೊಳ್ಳಲು ಬಂದ ಹೆಂಗಸರಿಗೂ ಬಿಡುಗಡೆಯಿಲ್ಲ. ತಮ್ಮ ಗುರಿಯ ಬಗ್ಗೆ ಒಂದು ಮಾತು, ಮಿಕ್ಕದ್ದೆಲ್ಲ ನನ್ನ ಓಟ. ಅಳಿಯ ಅಂದರೆ ಹೀಗಿರಬೇಕು ಎನ್ನುತ್ತಿದ್ದರು. ನಾನು ತಲೆ ತಗ್ಗಿಸಿ ಬಳೆ ಜೋಡಿಸುತ್ತಿದ್ದೆ, ಅದನ್ನವರು ವಿನಯವೆಂದುಕೊಂಡರು.

ಎಂಬತ್ತರ ದಶಕದ ನಡುವಿನಲ್ಲಿ ಅವರು ಮಾನ್ವಿಯಲ್ಲಿ ಹಾಸಿಗೆ ಹಿಡಿದರಲ್ಲ, ಆಗ ಒಂದು ಮಧ್ಯಾಹ್ನ ಭೀಮಣ್ಣ ನೋಡಲು ಬಂದ. ನೀನು ಒಳಗೆ ಗಂಜಿ ಕಾಯಿಸುತ್ತಿದ್ದೆ. ಮಾಮು ಅವನ ಕೈ ಹಿಡಿದುಕೊಂಡು, ನಿಧಾನವಾಗಿ, ಒಂದೊಂದೇ ಮಾತು ಆಯ್ದು ಹೇಳಿದರು.

“ಭೀಮಾ, ನಾ ಏನೂ ಗಳಿಸಿಲ್ಲ. ಆದ್ರ ಹರಾಮಿನ ತುತ್ತು ಒಂದೂ ಬಾಯಾಗ ಹೋಗಿಲ್ಲ. ಅದೊಂದ ತೊಗೊಂಡು ಹೊಂಟೀನಿ.”

ಭೀಮಣ್ಣ ನನ್ನತ್ತ ನೋಡಿದ. ಅಂದು ನಾನು ಬಗ್ಗಿದ್ದನ್ನು, ಎರಡು ಸಲ ಬಗ್ಗಿದ್ದನ್ನು ಅವನು ನೋಡಿದ್ದ. ಮಣ್ಣಿನ ಕೆಳಗಿನ ರಕ್ತವನ್ನೂ ನೋಡಿರಬೇಕು. ನಾನು ಬಾಯಿ ಬಿಡುತ್ತೇನೇನೋ ಎಂದು ತುಸು ಹೊತ್ತು ಕಾದ. ಆಮೇಲೆ, ಹೌದ್ರಿ ಸಾಹೇಬ್ರ, ನಾ ಬಲ್ಲೆ ಎಂದು ಗೆಳೆಯನ ಕೈ ಸವರಿದ. ನನ್ನ ಪಾಲಿನ ಸುಳ್ಳನ್ನು ಅವನ ಬಾಯಲ್ಲಿ ಆಡಿಸಿಬಿಟ್ಟೆ.

ಬಾಗಿಲ ಹೊರಗೆ ಚಪ್ಪಲಿ ಮೆಟ್ಟುತ್ತ ಅವನು ಹೇಳಿದ: “ಅವ್ರಿಗೆ ಹೇಳಬ್ಯಾಡ್ರಿ ಈಗ. ಆದ್ರ ಯಾರಿಗ್ಯಾರ ಹೇಳ್ರಿ.”

ತಿಳಿಯದೆ ಉಂಡವರ ಮೇಲೆ ಪಾಪವಿಲ್ಲ, ಸುಳ್ಳು ಹೇಳಿದವನ ಮೇಲೆ ಮಾತ್ರ ಎಂದು ತಿಳಿದವರು ಹೇಳುತ್ತಾರೆ. ಹಾಗಾದರೆ ಮಾಮು ಸ್ವಚ್ಛವಾಗಿಯೇ ಹೋದರು. ಅದಕ್ಕೆ ದೇವರಿಗೆ ಶರಣು. ಆದರೆ ಉಣ್ಣುವುದೋ ಬಿಡುವುದೋ ಎಂಬುದು ಅವರು ತೀರ್ಮಾನಿಸಬೇಕಾದ ಮಾತಾಗಿತ್ತು. ಅದನ್ನು ನಾನು ಅವರಿಂದ ಕಸಿದುಕೊಂಡೆ — ಒಂದು ಹಿತ್ತಾಳೆಯ ಚೂರಿಗಾಗಿ. ಅದು ಇಂದಿಗೂ ಅಂಗಡಿಯ ಗಲ್ಲಾಪೆಟ್ಟಿಗೆಯ ಮೂಲೆಯಲ್ಲಿದೆ. ಹೊಳಪು ಯಾವತ್ತೋ ಹೋಯಿತು.

ಹೋದ ಶುಕ್ರವಾರ ಪಕ್ಕದ ಮನೆಯಿಂದ ಹೊಸ ಕೂಸಿನ ಅಕೀಕಾದ ಮಾಂಸ ಬಂತು. ಕೊಯ್ದವರು ಯಾರು, ಕೇಳಿಕೊಂಡು ಬಾ ಎಂದು ನೀನು ನಮ್ಮ ಮಗಳನ್ನು ಆ ಮನೆಗೆ ಕಳಿಸಿದೆ. ಥೇಟ್ ನಿನ್ನ ಅಬ್ಬಾ. ಅದರ ಹಿಂದಿನ ದಿನ ನಾನು ಮಾಂಸದ ಚೀಲ ತಂದು ಕೊಟ್ಟಾಗ ನೀನು ಏನೂ ಕೇಳದೆ ನೆಟ್ಟಗೆ ಒಲೆಯ ಕಡೆ ನಡೆದಿದ್ದೆ. ಇಷ್ಟು ವರ್ಷಗಳಲ್ಲಿ ನೀನು ಊರನ್ನೆಲ್ಲ ಕೇಳಿದ್ದೀಯ, ಒಬ್ಬನನ್ನು ಬಿಟ್ಟು.

ಈಗ ನೀನು ಒಳಗೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿದೆ. ಕಾಡತೂಸನ್ನು ಅಂಗಡಿಯಿಂದ ತಂದು ಜೇಬಿನಲ್ಲಿಟ್ಟುಕೊಂಡಿದ್ದೇನೆ. ಒಳಗೆ ಬಂದು ಅದನ್ನು ನಿನ್ನ ಮುಂದಿಡುತ್ತೇನೆ. ಇದೇನು ಎಂದು ಕೇಳುತ್ತೀಯ, ಹೇಳುತ್ತೇನೆ. ಆಮೇಲೆ ನನ್ನ ತಟ್ಟೆಗೆ ರೊಟ್ಟಿ ಹಾಕುವುದೋ ಬಿಡುವುದೋ, ಅದು ನಿನ್ನ ತೀರ್ಮಾನ. ನಾಳೆಯಿಂದ ನಾನು ಏನನ್ನೇ ತಂದರೂ ಬಾಗಿಲಲ್ಲೇ ನಿಲ್ಲಿಸು, ರಾಬಿಯಾ. ನನ್ನನ್ನೂ ಕೇಳು.