ಶಾಲು ಬಂತು, ವೀಳ್ಯ ಬರಲಿಲ್ಲ

ನಮ್ಮ ಕಡೆ ನಾಟಕವಾಡದ ಊರಿಲ್ಲ. ಕೂಡ್ಲಿಗಿಯಿಂದ ಹಡಗಲಿಯವರೆಗೆ ಯಾವ ಹಳ್ಳಿಗೆ ಹೋದರೂ ಸುಗ್ಗಿ ಮುಗಿದ ಮೇಲೆ ಊರ ಹುಡುಗರು ಒಂದು ಸಾಮಾಜಿಕ ನಾಟಕ ಕಲಿಯುತ್ತಾರೆ. ಗಂಡು ಪಾತ್ರಗಳೆಲ್ಲ ಅವರವೇ. ಕಿರಾಣಿ ಅಂಗಡಿಯವನು ನಾಯಕ, ಅವನಲ್ಲಿ ಉದ್ರಿ ಒಯ್ಯುವವನು ಖಳನಾಯಕ. ಹೆಣ್ಣು ಪಾತ್ರಕ್ಕೆ ಮಾತ್ರ ಕೊಟ್ಟೂರು, ಹರಪನಹಳ್ಳಿಗಳಲ್ಲಿರುವ ನಮ್ಮಂಥ ಕಲಾವಿದೆಯರ ಮನೆ ಬಾಗಿಲಿಗೆ ಬರಬೇಕು. ಬರುವಾಗ ಎಲೆ ಅಡಿಕೆ ತರುತ್ತಾರೆ. ನಮ್ಮ ಮನೆಯ ತಟ್ಟೆಯಲ್ಲಿ ಅದನ್ನಿಟ್ಟು, ಪಾತ್ರ ಯಾವುದೆಂದು ಹೇಳಿ, ಕೈಗೆ ಕೊಡುತ್ತಾರೆ. ಅದೇ ವೀಳ್ಯ. ಒಮ್ಮೆ ಹಿಡಿದರೆ ಮುಗಿಯಿತು, ಮೈಯಲ್ಲಿ ಜ್ವರವಿದ್ದರೂ ಹೋಗಲೇಬೇಕು.

ನಾನು ಹುಡುಗಿಯಾಗಿದ್ದಾಗಲೇ ವೀಳ್ಯ ಹಿಡಿದವಳು, ಕೊಟ್ಟೂರಿನ ನಮ್ಮ ಮನೆಯ ಪಡಸಾಲೆಯಲ್ಲಿ. ಮೊದಲ ಪಾತ್ರವೇ ತಾಯಿಯದು. ನನ್ನ ಮಗನಾಗಿದ್ದವನ ತಲೆ ಆಗಲೇ ಅರ್ಧ ಬೋಳಾಗಿತ್ತು. ಆಮೇಲೆ ಅತ್ತೆ, ವಿಧವೆ ಅತ್ತಿಗೆ, ಮಾಟ ಮಾಡುವ ಮುದುಕಿ. ನಾಯಕಿ ಮಾತ್ರ ಆಗಲಿಲ್ಲ, ಯಾಕೆಂದರೆ ನಾನು ಕಪ್ಪು. ಹೆಣ್ಣು ತೋರಿಸುವಾಗ ಸಮಾಧಾನಕ್ಕೆ ಹೇಳುವ ಎಣ್ಣೆಗಪ್ಪು ಅಲ್ಲ, ಬರೀ ಕಪ್ಪು. ನಾಟಕದ ಕರಪತ್ರದಲ್ಲಿ ನಾಯಕಿಯ ಫೋಟೋ ಎಲ್ಲರಿಗಿಂತ ಮೇಲೆ, ದೊಡ್ಡದಾಗಿ ಬರುತ್ತದೆ. ಅದು ಬೆಳ್ಳಗೆ ಕಾಣದಿದ್ದರೆ ಊರಿನ ಮರ್ಯಾದೆ ಹೋಯಿತೆಂದೇ ಹುಡುಗರ ನಂಬಿಕೆ. ಬಣ್ಣ ಹಚ್ಚುವ ಮಾಸ್ತರರು ನನ್ನ ಮುಖ ನೋಡಿ, "ನಿನ್ನ ಹತ್ರ ನನಗ ಕೆಲಸಾನ ಇಲ್ಲ ನೋಡವ್ವ" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. 

ಇದ್ದದ್ದು ಒಂದೇ ಆಸೆ. ಯಾರಾದರೂ ಒಂದು ಸಲ ಆ ತಟ್ಟೆಯಲ್ಲಿ ಎಲೆ ಇಟ್ಟು "ನಾಯಕಿ ಪಾತ್ರ" ಎನ್ನಬೇಕು. ಈ ಆಸೆ ನನಗಿಂತ ಹೆಚ್ಚು ನನ್ನ ಅವ್ವನಿಗಿತ್ತು. ಅವಳೂ ಕಪ್ಪು, ಅವಳೂ ನಾಟಕದವಳು. ಪ್ರಾಯವೆಲ್ಲ ಮುದುಕಿ ಪಾತ್ರ ಮಾಡಿ ಕೊನೆಗೆ ನಿಜವಾಗಿಯೂ ಮುದುಕಿಯಾದವಳು. ವೀಳ್ಯದ ಹಿತ್ತಾಳೆ ತಟ್ಟೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುವ ಕೆಲಸವನ್ನು ಅವಳು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಹಗರಿಬೊಮ್ಮನಹಳ್ಳಿಯ ಮೇಷ್ಟರೊಬ್ಬರು ಮನೆಗೆ ಬಂದರು. ಕಲ್ಲು ಒಡೆಯುವ ಹೆಂಗಸಿನ ಕಥೆಯನ್ನು ಅವರೇ ನಾಟಕ ಮಾಡಿ ಬರೆದಿದ್ದರು, ಅದನ್ನು ಬೆಂಗಳೂರಿನ ಸ್ಪರ್ಧೆಗೆ ಒಯ್ಯುವವರಿದ್ದರು. ನಾಟಕದ ತುಂಬ ಆ ಹೆಂಗಸೇ.

"ಈ ಪಾತ್ರಕ್ಕ ನಿಮ್ಮ ಬಣ್ಣಾನ ಬೇಕ್ರಿ" ಎಂದರು.

ಅವ್ವ ತಟ್ಟೆ ಹಿಡಿದು ನಿಂತಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು. ನಾಯಕಿ ಅನ್ನಲಿಲ್ಲ, ನಟನೆ ಬೇಕು ಅನ್ನಲಿಲ್ಲ, ಧ್ವನಿ ಬೇಕು ಅನ್ನಲಿಲ್ಲ. ಆದರೂ ವೀಳ್ಯ ಹಿಡಿದೆ. ಕೂಡ್ಲಿಗಿ ರಸ್ತೆಯಲ್ಲಿ ಜಲ್ಲಿ ಒಡೆಯುವ ಹೆಂಗಸರ ಪಕ್ಕ ಹೋಗಿ ಕುಳಿತೆ. ಅವರು ಮಾತಾಡುತ್ತಲೇ ಸುತ್ತಿಗೆ ಹಾಕುತ್ತಾರೆ. ಚೂರು ಸಿಡಿಯುತ್ತದೆಂದು, ಸುತ್ತಿಗೆ ಕಲ್ಲಿಗೆ ಬೀಳುವ ಹೊತ್ತಿಗೆ ಸರಿಯಾಗಿ ಕಣ್ಣು ಮುಚ್ಚುತ್ತಾರೆ. ಮಾತು ಮಾತ್ರ ನಿಲ್ಲುವುದಿಲ್ಲ. ಅದೊಂದನ್ನು ಕಲಿಯುವುದರೊಳಗೆ ನನ್ನ ಹೆಬ್ಬೆರಳ ಉಗುರು ಕರಿಗಟ್ಟಿತು.

ಬೆಂಗಳೂರಿನಲ್ಲಿ ಇಡೀ ರಾಜ್ಯಕ್ಕೆ ಉತ್ತಮ ನಟಿ ಎಂದು ಮೈಕಿನಲ್ಲಿ ನನ್ನ ಹೆಸರು ಕೂಗಿದರು. ನಾನು ಬೇರೆ ಯಾರನ್ನೋ ಕರೆಯುತ್ತಿದ್ದಾರೆಂದು ಕೂತೇ ಇದ್ದೆ, ಮೇಷ್ಟರು ತೋಳು ಹಿಡಿದು ಎಬ್ಬಿಸಿದರು. ಮರುದಿನ ಪೇಪರಿನಲ್ಲಿ ಫೋಟೋ ಬಂತು. ನನಗೆ ಹೊದಿಸಿದ್ದ ಶಾಲು ಬಹಳ ಚೆನ್ನಾಗಿ ಬಂದಿತ್ತು, ಮುಖ ಇದ್ದ ಕಡೆ ಒಂದಿಷ್ಟು ಮಸಿ. ಅವ್ವ ಅದನ್ನೇ ಕತ್ತರಿಸಿ ದೇವರ ಜಗುಲಿಯ ಮೇಲೆ ಅಂಟಿಸಿದಳು.

"ಈ ವರ್ಷ ನೋಡ್ತಿರು, ನಾಯಕಿ ಅಂತ ಕರಿಯಾಕ ಓಡಿ ಬರ್ತಾರ" ಎಂದಳು.

ಆ ವರ್ಷದ ಸುಗ್ಗಿ ಮುಗಿಯಿತು. ಯಾರೂ ಬರಲಿಲ್ಲ. ನಾಯಕಿಗೆ ಬರುವುದಿರಲಿ, ಮಾಟದ ಮುದುಕಿಗೂ ಬರಲಿಲ್ಲ. ಒಂದು ಬೆಳಿಗ್ಗೆ ಹರಪನಹಳ್ಳಿ ಕಡೆಯ ಅರಸೀಕೆರೆಯ ಇಬ್ಬರು ನಮ್ಮ ಓಣಿಗೆ ಬಂದು, ನಮ್ಮ ಬಾಗಿಲು ದಾಟಿ, ಓಣಿಯ ಕೊನೆಯಲ್ಲಿದ್ದ ಇನ್ನೊಬ್ಬ ಕಲಾವಿದೆಯ ಮನೆಗೆ ಹೋದರು. ಹಿಂದಿನ ವರ್ಷ ನನ್ನ ಕೈಗೆ ವೀಳ್ಯ ಕೊಟ್ಟವರೇ. ತಿರುಗಿ ಬರುವಾಗ ತಡೆದು ಒಳಗೆ ಕರೆದೆ. ಮಂಡಕ್ಕಿ ಒಗ್ಗರಣೆ ಕೊಟ್ಟು ಕೇಳಿದೆ.

"ತಾಯಿ ಪಾತ್ರ ಯಾರಿಗೆ ಕೊಟ್ರಿ?"

"ಆ ಕಡೀ ಮನಿಯವರಿಗೆ ಕೊಟ್ವಿ ಮೇಡಂ" ಎಂದ ಹಿರಿಯ. ಹಿಂದಿನ ವರ್ಷ ನಾನು ಅವನಿಗೆ ಬರೀ ಯಕ್ಕ ಆಗಿದ್ದೆ. "ನೀವೀಗ ದೊಡ್ಡೋರಾಗೀರಿ. ಪ್ರಶಸ್ತಿ ತಗೊಂಡೋರಿಗೆ ತಾಯಿ ಪಾತ್ರ ಮಾಡ್ರಿ ಅಂತ ಯಾವ ಬಾಯೀಲೆ ಕೇಳೋದ್ರಿ?"

"ಹಂಗಾರ ನಾಯಕಿ ಪಾತ್ರ ಮಾಡ್ರಿ ಅಂತ ಕೇಳ್ರಿ."

ಹಿರಿಯ ಗೋಡೆಯ ಕ್ಯಾಲೆಂಡರ್ ನೋಡಿದ. ಕಿರಿಯವನು ಮಂಡಕ್ಕಿಯಲ್ಲಿ ಶೇಂಗಾ ಹುಡುಕಿದ.

"ಅದನ್ನ ಹುಡುಗ್ರು ಮೊದ್ಲ ಗೊತ್ತು ಮಾಡಿಬಿಟ್ಟಾರ್ರಿ. ಫೋಟೋ ಸೈತ ಪ್ರೆಸ್ಸಿಗೆ ಹೋಗೇತಿ."

ಅವರ ಮಾತಿನಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ನಾಲ್ಕು ಬೈದು ಹಗುರಾಗುತ್ತಿದ್ದೆ. ಹೋಗುವಾಗ ಇಬ್ಬರೂ ನನ್ನ ಕಾಲು ಮುಟ್ಟಿದರು.

ಆಮೇಲೆ ಸನ್ಮಾನಗಳು ಶುರುವಾದವು. ಬಾಗಳಿಯವರು ಕರೆದರು, ಹಡಗಲಿಯವರು ಕರೆದರು. ಪರದೆ ಏಳುವ ಮುಂಚೆ ವೇದಿಕೆಯ ಮೇಲೆ ಕುರ್ಚಿ ಹಾಕಿ, ಊರ ಹಿರಿಯರ ನಡುವೆ ಕೂರಿಸಿ, ಶಾಲು ಹೊದಿಸಿ, ಹಾರ ಹಾಕಿ, ಚಪ್ಪಾಳೆ ತಟ್ಟಿ, ಕೆಳಗಿಳಿಸುತ್ತಿದ್ದರು. ಇಳಿದ ಮೇಲೆ ನಾಟಕ ಶುರು. ನಮ್ಮ ಬಿಸಿಲ ಸೀಮೆಯಲ್ಲಿ ಶಾಲು ಯಾರಿಗೆ ಬೇಕು? ಮನೆಯಲ್ಲಿ ಹಾಸಿದರೂ ಶಾಲು, ಹೊದ್ದರೂ ಶಾಲು, ಜೋಳದ ಚೀಲದ ಮೇಲೂ ಶಾಲು. ಹೊಟ್ಟೆಪಾಡಿಗೆ ನಾನು ಸೀರೆಗೆ ಫಾಲ್ಸ್ ಹೊಲಿಯತೊಡಗಿದೆ.

ಕೆಲವು ವರ್ಷ ಹೀಗೇ ಕಳೆದ ಮೇಲೆ ಹಿರೇಹಡಗಲಿಯಿಂದ ಕರೆ ಬಂತು. ಪ್ರಶಸ್ತಿ ಬಂದ ನಾಟಕವೆಂದು ಅವರು ಆ ಕಲ್ಲು ಒಡೆಯುವವಳ ನಾಟಕವನ್ನೇ ಎತ್ತಿಕೊಂಡಿದ್ದರು. ಕರಪತ್ರದ ಮೇಲ್ಗಡೆ ಹರಪನಹಳ್ಳಿಯ ಒಬ್ಬ ಬೆಳ್ಳನೆಯ ಹುಡುಗಿಯ ಫೋಟೋ, ಕೆಳಗಿನ ಮೂಲೆಯಲ್ಲಿ ಸನ್ಮಾನವೆಂದು ನನ್ನದು. ಹೋಗಬಾರದಿತ್ತು. ಆದರೆ ಆ ಪಾತ್ರವನ್ನು ಇನ್ನೊಮ್ಮೆ ನೋಡುವ ಆಸೆಗೆ ಹೋದೆ.

ಹೊತ್ತು ಮುಳುಗುವ ಮೊದಲೇ ಮುಟ್ಟಿದೆ. ವೇದಿಕೆಯ ಹಿಂದೆ ಬಣ್ಣದ ಮಾಸ್ತರರು ಕೊಬ್ಬರಿ ಎಣ್ಣೆಯಲ್ಲಿ ಕಾಡಿಗೆ ಕಲಸಿ ಆ ಹುಡುಗಿಯ ಮುಖಕ್ಕೆ ಬಳಿಯುತ್ತಿದ್ದರು. ನನ್ನ ಹತ್ತಿರ ಕೆಲಸವೇ ಇಲ್ಲ ಎನ್ನುತ್ತಿದ್ದ ಅದೇ ಮಾಸ್ತರರು.

"ಇಷ್ಟೆಲ್ಲಾ ಯಾಕ್ರಿ, ನಾನ ಇದ್ನಲ್ಲಾ" ಎಂದೆ.

"ಹಂಗಲ್ಲವ್ವ. ಈಕೀದು ಒಳಗ ಬೆಳ್ಳಗೈತಿ. ಕರೇದು ಹಚ್ಚಿದ್ರೂ ಲೈಟಿಗೆ ಮುಖಕ್ಕ ಕಳೆ ಬರ್ತತಿ."

ಹುಡುಗಿ ಒಳ್ಳೆಯವಳು. ನನ್ನನ್ನು ನೋಡಿ ಎದ್ದು ನಿಂತಳು. "ಅಕ್ಕಾ, ಕೈಗೂ ಹಚ್ಕೋಬೇಕಾ?" ಎಂದು ಕೇಳಿದಳು.

ಅವಳ ಮೇಲೆ ಯಾವ ಸಿಟ್ಟು ಮಾಡಲಿ? ಬಟ್ಟಲು ಇಸಿದುಕೊಂಡು ನಾನೇ ಹಚ್ಚಿದೆ. ಮೊಣಕೈ, ಕುತ್ತಿಗೆಯ ಹಿಂಭಾಗ, ಬೆರಳ ಸಂದಿ. ನಡುನಡುವೆ ಅವಳು ತನ್ನ ಕೈಯನ್ನು ನನ್ನ ಕೈ ಪಕ್ಕಕ್ಕಿಟ್ಟು ಬಣ್ಣ ಕೂಡಿತೋ ಇಲ್ಲವೋ ನೋಡಿಕೊಂಡಳು. ಸುತ್ತಿಗೆ ಬೀಳುವಾಗ ಕಣ್ಣು ಮುಚ್ಚುವುದನ್ನೂ ಹೇಳಿಕೊಟ್ಟೆ. ಅವಳು ಮಾಡಲು ನೋಡಿದಳು. ಮಾಸ್ತರರು ತಡೆದರು.

"ಬ್ಯಾಡ ಬ್ಯಾಡ. ಕಣ್ಣು ಮುಚ್ಚಿದ್ರ ಜನಕ್ಕ ಕಣ್ಣು ಹೆಂಗ ಕಾಣ್ತಾವು?"

ನನಗೆ ಶಾಲು ಹೊದಿಸಿದರು. ಕೆಳಗಿಳಿದು ಮೊದಲ ಸಾಲಿನಲ್ಲಿ ಕುಳಿತೆ. ಹುಡುಗಿ ದೊಡ್ಡ ಕಣ್ಣು ಬಿಟ್ಟುಕೊಂಡೇ ಕಲ್ಲು ಒಡೆದಳು. ಜನ ಶಿಳ್ಳೆ ಹೊಡೆದರು. ಪ್ರತಿ ಏಟಿಗೂ ಕಣ್ಣು ಮುಚ್ಚಿಕೊಂಡವಳು ನಾನೊಬ್ಬಳೇ.

ಮನೆಗೆ ಬಂದು ಅವ್ವನಿಗೆ ಇದೇನೂ ಹೇಳಲಿಲ್ಲ.  ಅಷ್ಟರಲ್ಲಿ ಅವಳಿಗೆ ಕಣ್ಣು ಮಂಜಾಗಿತ್ತು. ಆದರೂ ತಟ್ಟೆ ತಿಕ್ಕುವುದು ಬಿಟ್ಟಿರಲಿಲ್ಲ. ಮುಂದಿನ ಸುಗ್ಗಿಗೆ ಕೂಡ್ಲಿಗಿ ಕಡೆಯ ನಾಲ್ವರು ಬಂದರು. ಚಪ್ಪಲಿ ಬಿಡುವ ಸದ್ದು ಕೇಳಿದ್ದೇ ತಡ, ಅವ್ವ ಗೋಡೆ ಹಿಡಿದು ಎದ್ದು ತಟ್ಟೆ ತಂದು ಅವರ ಮುಂದಿಟ್ಟಳು. ಅವರು ಒಬ್ಬರ ಮುಖ ಒಬ್ಬರು ನೋಡಿ, ಅದರಲ್ಲಿ ಒಂದು ಆಮಂತ್ರಣ ಪತ್ರಿಕೆ ಇಟ್ಟರು.

ಅವ್ವ ತಟ್ಟೆಯಲ್ಲಿ ಕೈಯಾಡಿಸಿದಳು. ಎಲೆ ಸಿಗಲಿಲ್ಲ.

"ಪಾತ್ರ ಯಾವುದಪ್ಪಾ?" ಎಂದಳು.

"ಪಾತ್ರ ಅಲ್ಲಬೇ ಅಮ್ಮಾ. ಮೇಡಂ ನಮ್ಮ ನಾಟಕಕ್ಕ ಮುಖ್ಯ ಅತಿಥಿ."

ಅವ್ವ ಪತ್ರಿಕೆಯನ್ನು ತಟ್ಟೆಯಿಂದ ಎತ್ತಿ ಪಕ್ಕಕ್ಕಿಟ್ಟಳು. ಮುಖ್ಯ ಅತಿಥಿ ಎಂದರೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವರ ಕಡೆಗಲ್ಲ, ನನ್ನ ಕಡೆಗೆ ತಿರುಗಿ ಕೇಳಿದಳು:

"ಅದರಾಗ ನಿನಗ ಮಾತು ಎಷ್ಟದಾವ?"

"ಒಂದೂ ಇಲ್ಲಬೇ" ಎಂದೆ.