ಹುಳುಮನೆಯಲ್ಲಿ ಬಚ್ಚಿಟ್ಟ ನೋಟು

ಸಾತನೂರಿನ ಮರಿಸ್ವಾಮಿ ಈ ಶ್ರಾವಣದಲ್ಲಿ ಎದೆನೋವು ಬಂದು ತೀರಿಕೊಂಡ. ಊರಿಗೆ ಅವನು ರೇಷ್ಮೆ ಬೆಳೆಗಾರ, ಸ್ನೇಹಿತರಿಗೆ ಹಳೇ ನೋಟಿನ ಹುಚ್ಚ. ಆ ಹುಚ್ಚು ಅವನನ್ನು ಬಿಟ್ಟುಹೋದದ್ದು ಕೆಲವು ವರ್ಷಗಳ ಹಿಂದೆ, ಒಂದೇ ಮಧ್ಯಾಹ್ನದಲ್ಲಿ.

ಬ್ರಿಟಿಷರ ಕಾಲದ ನೋಟುಗಳನ್ನು ಸಂತೆಯಲ್ಲಿ, ಗುಜರಿ ಅಂಗಡಿಯಲ್ಲಿ, ಯಾರದೋ ಮನೆಯ ಹಳೇ ಟ್ರಂಕಿನಲ್ಲಿ ಹುಡುಕಿ ತರುತ್ತಿದ್ದ. ಎಲ್ಲಕ್ಕಿಂತ ಪ್ರಾಣವಾಗಿದ್ದುದು ಒಂದು ರೂಪಾಯಿಯ ನೋಟು. ಮೊದಲ ಮಹಾಯುದ್ಧದಲ್ಲಿ ಬೆಳ್ಳಿಗೆ ಬರ ಬಂದಾಗ ನಾಣ್ಯದ ಬದಲು ಅಚ್ಚು ಹಾಕಿಸಿದ್ದು. ಅಜ್ಜಿ ಪೂಜಿಸುತ್ತಿದ್ದ ವೀರಭದ್ರನ ಪಟ ಒಡೆದಾಗ ಹಿಂದಿನ ರಟ್ಟಿನ ಸಂದಿಯಲ್ಲಿ ಸಿಕ್ಕಿತ್ತು. ಬೆಳಕಿಗೆ ಹಿಡಿದರೆ ಕಾಗದದ ಒಳಗಿಂದ ನಕ್ಷತ್ರವೊಂದು ಮೆಲ್ಲಗೆ ಮೂಡುತ್ತಿತ್ತು. ಒಂದು ಬದಿಗೆ ಇಂಗ್ಲೆಂಡಿನ ರಾಜನ ಮುಖವಿತ್ತು, ಹಲವು ಭಾಷೆಗಳ ನಡುವೆ ಕನ್ನಡದಲ್ಲೂ ಒಂದು ರೂಪಾಯಿ ಎಂದು ಬರೆದಿತ್ತು. ಅಷ್ಟು ದೂರದ ರಾಜ, ಇಲ್ಲಿಯ ಅಕ್ಷರ, ಅಜ್ಜಿಯ ಬೆರಳು, ಮೂರೂ ಒಂದೇ ಚೂರು ಕಾಗದದಲ್ಲಿ ಕೂಡಿವೆಯಲ್ಲ ಎಂಬುದು ಅವನಿಗೆ ಮುಗಿಯದ ಬೆರಗು.

‘ನಿನ್ ಹೆಂಡ್ತಿ ಕೈನ ಯಾವತ್ತಾರ ಹಿಂಗೆ ನಾಜೂಕಾಗಿ ಹಿಡ್ದಿದ್ದೀಯೇನ್ಲಾ?’ ಎಂದು ಪಕ್ಕದ ತೋಟದ ನಟರಾಜು ಕೆಣಕುತ್ತಿದ್ದ.

‘ಅವ್ಳು ಹರ್ಯಾಕಿಲ್ಲ ಕಣ್ಲಾ. ಇದು ಹರೀತದೆ.’

ಒಂದು ದಿನ ಗುರುತಿಲ್ಲದವನೊಬ್ಬ ಬೈಕಿನಲ್ಲಿ ಬಂದು ನೋಟು ನೋಡಬೇಕೆಂದ. ಮರಿಸ್ವಾಮಿ ಖುಷಿಯಿಂದಲೇ ತೋರಿಸಿದ. ಬಂದವನು ಫೋಟೊ ತೆಗೆದುಕೊಂಡು, ಹೋಗುವಾಗ ಹಿತ್ತಲ ಬಾಗಿಲನ್ನೂ ಕಿಟಕಿಯ ಸರಳನ್ನೂ ನೋಡುತ್ತಾ ನಿಂತ. ಅವತ್ತಿನಿಂದ ಮರಿಸ್ವಾಮಿಗೆ ನಿದ್ದೆ ಹತ್ತಲಿಲ್ಲ. ಮನೆ ಇರುವುದು ಹಿಪ್ಪುನೇರಳೆ ತೋಟದ ನಡುವೆ, ಕೂಗಿದರೆ ಕೇಳುವವರಿಲ್ಲ. ನಾಯಿ ಬೊಗಳಿದರೆ ಎದ್ದು ಕೂರುತ್ತಿದ್ದ.

ಕೊನೆಗೆ ನೋಟು ಬಚ್ಚಿಡಲು ಜಾಗ ಹೊಳೆಯಿತು. ರೇಷ್ಮೆಹುಳು ಸಾಕುವ ಹುಳುಮನೆಗೆ ಹೊರಗಿನವರು ಕಾಲಿಡುವಂತಿಲ್ಲ. ಹುಳುವಿಗೆ ರೋಗ ತಗುಲುತ್ತದೆಂದು ನೆಂಟರನ್ನೂ ಬಿಡುವುದಿಲ್ಲ. ಕಳ್ಳನಾದರೂ ಅಲ್ಲಿ ಹುಡುಕಲಾರ. ಬೆಳೆ ಮುಗಿದು ಖಾಲಿಯಾಗಿದ್ದ ಹುಳುಮನೆಯಲ್ಲಿ, ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗಳ ರಾಶಿಯ ಹಿಂದೆ ನೋಟಿದ್ದ ಬಿಸ್ಕತ್ತಿನ ಡಬ್ಬಿ ಇಟ್ಟ. ಹೆಂಡತಿ ಗಿರಿಜಾಂಬಳಿಗೂ ಹೇಳಲಿಲ್ಲ.

ಮರುದಿನ ಚನ್ನಪಟ್ಟಣಕ್ಕೆ ಹೋದ. ಅಲ್ಲಿ ಗೊಂಬೆ ಮಾಡುವ ಸನಾವುಲ್ಲಾ ಕೂಡ ಹಳೇ ನೋಟು ಕೂಡಿಡುವವನು. ಬೈಕಿನವನ ವಿಷಯ ಅವನಿಗೇನಾದರೂ ಗೊತ್ತೇ ಎಂದು ಕೇಳಬೇಕಿತ್ತು. ಸನಾವುಲ್ಲಾಗೂ ಗೊತ್ತಿರಲಿಲ್ಲ. ವಾಪಸು ಬಸ್ಸು ಹತ್ತಿದಾಗ ಗಿರಿಜಾಂಬಳ ಫೋನು ಬಂತು.

‘ಚಾಕಿ ಹುಳ ನಾಳಿದ್ದೇ ಬತ್ತವಂತೆ ಕಣ್ರೀ. ಆಳು ಮುನಿಶಾಮಯ್ಯನ್ ಕೈಲಿ ಹುಳುಮನೆಗೆ ಔಷ್ದಿ ಹೊಡ್ಸಿ ಬಾಗ್ಲಾಕ್ಸಿದ್ದೀನಿ. ಈಗ್ತಾನೆ ಮನೆಗೋದ.’

ಪ್ರತಿ ಬೆಳೆಗೂ ಚಾಕಿ, ಅಂದರೆ ಮರಿಹುಳ, ತರುವ ಮೊದಲು ಹೊಡೆಯುವ ಬ್ಲೀಚಿಂಗ್ ಪೌಡರಿನ ನೀರು ಅದು. ಮುಚ್ಚಿದ ಕೋಣೆಯಲ್ಲಿ ಅದರ ಘಾಟು ಕಾಗದದ ಬಣ್ಣವನ್ನೇ ತಿನ್ನುತ್ತದೆ. ಮರಿಸ್ವಾಮಿ ಸೀಟಿನಿಂದ ಎದ್ದು ನಿಂತ.

‘ಚಂದ್ರಿಕೆ ಹಿಂದೆ ನೋಟಿನ ಡಬ್ಬಿ ಐತೆ! ಓಡೋಗಿ ತಂದ್ಬುಡು ಗಿರಿಜಾ!’

‘ಅಯ್ಯೋ, ಅಲ್ಯಾಕಿಟ್ರಿ? ಇರಿ, ಬತ್ತೀನಿ.’

ಬಾಗಿಲು ಕಿರುಗುಟ್ಟಿದ್ದು ಕೇಳಿಸಿತು. ಆಮೇಲೆ ಕೆಮ್ಮು. ಆಗ ನೆನಪಾಯಿತು: ಅವಳಿಗೆ ಉಬ್ಬಸ. ಅದಕ್ಕೇ ಆ ಔಷಧಿಯ ಹತ್ತಿರ ಅವಳನ್ನು ಅವನು ಎಂದೂ ಬಿಟ್ಟವನಲ್ಲ.

‘ಗಿರಿಜಾ, ಬ್ಯಾಡ, ಈಚೆಗ್ ಬಾ!’ ಎಂದು ಬಸ್ಸಿನಲ್ಲೇ ಕೂಗಿದ. ಕೆಮ್ಮು ಹೆಚ್ಚಾಯಿತು. ಬಿದಿರಿನ ರಾಶಿ ಕುಸಿದ ಸದ್ದು. ಫೋನು ನೆಲಕ್ಕೆ ಬಿದ್ದ ಸದ್ದು. ಆಮೇಲೆ ಕೆಮ್ಮೂ ಇಲ್ಲ.

ನಟರಾಜುವಿಗೆ ಫೋನು ಮಾಡಿದ. ‘ನಾ ರಾಮನಗರದ ಮಾರ್ಕೆಟ್ಟಲ್ಲಿದ್ದೀನಿ ಕಣ್ಲಾ, ಗೂಡು ತಂದಿದ್ದೀನಿ. ಯಾಕ್ಲಾ, ಏನಾಯ್ತು?’ ಮುನಿಶಾಮಯ್ಯನ ಬಳಿ ಫೋನೇ ಇಲ್ಲ. ಬಸ್ಸು ಪ್ರತಿ ಊರಲ್ಲೂ ನಿಂತಿತು. ಯಾರೋ ಮುದುಕಿ ಹುಲ್ಲಿನ ಹೊರೆ ಹತ್ತಿಸಿದಳು, ಕಂಡಕ್ಟರು ಅವಳೊಡನೆ ಜಗಳಕ್ಕಿಳಿದ. ಮರಿಸ್ವಾಮಿ ಮುಂದಿನ ಸೀಟಿನ ಕಂಬಿ ಹಿಡಿದು, ಮತ್ತೆ ಮತ್ತೆ ಗಿರಿಜಾಂಬಳಿಗೆ ಕರೆ ಹಚ್ಚಿ, ಯಾರೂ ಎತ್ತದ ಫೋನನ್ನು ಕಿವಿಗೆ ಒತ್ತಿಕೊಂಡೇ ಇದ್ದ. ಡಬ್ಬಿ ಅವನ ನೆನಪಿನಲ್ಲೇ ಇರಲಿಲ್ಲ.

ತೋಟದ ಬದುವಿಗೇ ಘಾಟು ಬಡಿಯಿತು. ಹುಳುಮನೆಯ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ನೀರಿನ ತೊಟ್ಟಿಯ ಪಕ್ಕ ಗಿರಿಜಾಂಬ ಗೋಡೆಗೊರಗಿ ಕೂತಿದ್ದಳು. ತುಟಿ ನೀಲಿ, ಉಸಿರು ಸಿಳ್ಳೆ ಹಾಕುತ್ತಿತ್ತು. ಮಡಿಲಲ್ಲಿ ಡಬ್ಬಿ.

‘ತಗಳ್ರೀ... ನಿಮ್ ರಾಜನ್ನ...’

‘ಮಾತಾಡ್ಬ್ಯಾಡ, ಮಾತಾಡ್ಬ್ಯಾಡ ಕಣೆ.’

ಆಟೊದಲ್ಲಿ ಆಸ್ಪತ್ರೆ ಸೇರಿಸಿದ. ಮೂಗಿಗೆ ಆಮ್ಲಜನಕ ಇಟ್ಟರು. ಅವಳು ಕಣ್ಣು ಬಿಟ್ಟು ‘ಚಂದ್ರಿಕೆ ಬಿದ್ದೋದ್ವು, ಎತ್ತಿಡ್ರಿ’ ಎನ್ನುವವರೆಗೂ ಅವನು ಬಾಗಿಲು ಬಿಟ್ಟು ಕದಲಲಿಲ್ಲ.

ಬೈಕಿನವನು ಮತ್ತೆಂದೂ ಬರಲಿಲ್ಲ. ಮರಿಸ್ವಾಮಿ ಆ ಡಬ್ಬಿಯನ್ನು ಅಟ್ಟಕ್ಕೆ ಹಾಕಿದ, ತೆರೆಯಲೇ ಇಲ್ಲ. ‘ಒಸಿ ನೋಡ್ಬಾರ್ದೇನ್ರೀ, ನಾನೇನ್ ಸತ್ತೋದ್ನಾ?’ ಎಂದು ಗಿರಿಜಾಂಬಳೇ ಹೇಳುತ್ತಿದ್ದಳು. ನಟರಾಜು ಕೇಳಿದಾಗ ಮಾತ್ರ ಉತ್ತರ ಕೊಟ್ಟ: ‘ಮುಚ್ಚಳ ತೆಗುದ್ರೆ ಆ ಕೆಮ್ಮು ಕೇಳ್ತದೆ ಕಣ್ಲಾ.’

ಅವನ ತಿಥಿ ಮುಗಿದ ಮೇಲೆ ನಟರಾಜು ಅಟ್ಟದ ಕಡೆ ನೋಡಿ, ‘ಇಳ್ಸಿ ತೆಗ್ದು ನೋಡ್ಲೇನಕ್ಕಾ? ನೋಟು ಏನಾಗೈತೋ,’ ಎಂದ.

‘ಬ್ಯಾಡ ಬುಡಪ್ಪಾ,’ ಎಂದಳು ಗಿರಿಜಾಂಬ. ‘ಅವ್ರು ನಂಗೋಸ್ಕರ ಅಷ್ಟು ಹೆದ್ರಿದ್ದು ಅದೊಂದ್ಸಲವೇ. ಅದು ಆ ಡಬ್ಬಿಯೊಳ್ಗೇ ಇರ್ಲಿ.’