ಹವಾಲ್ದಾರರ ಬೆಂಚು

"ಅಜ್ಜಾರ, ಈ ಚೀಲ ಒಂದೀಟ ನೋಡ್ಕೊಳ್ರಿ" ಎಂದು ಹೆಣ್ಣುಮಗಳೊಬ್ಬಳು ಕುಪ್ಪೇಲೂರಿನ ಬಸ್ಸು ವಿಚಾರಿಸಲು ಹೋದಳು. ರಾಣೆಬೆನ್ನೂರು ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕ ಕುಳಿತಿದ್ದ ಹಿರಿಯರ ಕಾಲ ಬಳಿ ಅದಾಗಲೇ ಐದು ಚೀಲ, ಬ್ಯಾಡಗಿ ಮೆಣಸಿನಕಾಯಿಯ ಗಂಟು, ಕಾಲು ಕಟ್ಟಿದ ಕೋಳಿ ಇದ್ದವು. ಒಂದೂ ಅವರದಲ್ಲ. ನೆಟ್ಟಗಿನ ಬೆನ್ನು, ತಿದ್ದಿದ ಮೀಸೆ ನೋಡಿ ಎಲ್ಲರೂ ಅವರನ್ನೇ ನಂಬುತ್ತಿದ್ದರು.

"ಮಿಲಿಟ್ರಿಯೊಳಗ ಇದ್ರೇನ್ರಿ?" ಎಂದೆ.

"ಹವಾಲ್ದಾರ ಇದ್ನಿರಿ. ನಮ್ಮ ಸಾಹೇಬ್ರು ಹೇಳತಿದ್ರು, ಹವಾಲಾ ಅನ್ನೋದು ಅರಬ್ಬಿ ಮಾತು, ಒಬ್ಬರ ಕೈಗೆ ಒಪ್ಪಿಸೂದು. ದಾರ್ ಅಂದ್ರ ಪಾರ್ಸಿಯೊಳಗ ಹಿಡಕೊಂಡಾಂವ. ಒಪ್ಪಿಸಿದ್ದನ್ನ ಕಾಯಾಂವನ ಹವಾಲ್ದಾರ. ರಿಟೈರ್ ಆದ್ರೂ ಮಂದಿ ಬಿಡವಲ್ರು ನೋಡ್ರಿ. ಮುಂಜಾನಿಂದ ಮೂರು ಹಾವೇರಿ ಬಸ್ ಬಿಟ್ಟೇನಿ."

ಎಂಥ ಒಳ್ಳೆಯ ಪದ ಎಂದು ನಾನು ತಲೆದೂಗಿದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ ಎದ್ದು ನಿಂತರು. ಬೆರಳು ತೋರಿಸುತ್ತ, "ಆರು ಚೀಲ, ಒಂದ್ ಗಂಟು, ಒಂದ್ ಕೋಳಿ. ಬರೋಬ್ಬರಿ ಅದಾವ ನೋಡ್ಕೊಳ್ರಿ. ಚಾ ಕುಡದು ಬರ್ತೇನಿ" ಎಂದು ಹೋದರು.

ಐದು ನಿಮಿಷಕ್ಕೆ ಹಾವೇರಿ ಬಸ್ಸು ಹೊರಟಿತು. ಅದರ ಕಿಟಕಿಯಲ್ಲಿ ಆ ಮೀಸೆ ಕಂಡಿತು. ಅವರು ಬಲು ಗತ್ತಿನಿಂದ ನನಗೊಂದು ಸೆಲ್ಯೂಟ್ ಹೊಡೆದರು.

ನಾನು ಹತ್ತಬೇಕಿದ್ದುದೂ ಅದೇ ಬಸ್ಸು. ಒಂದು ದಿನವೂ ಕವಾಯತು ಮಾಡದ ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಕೋಳಿ ಕಾಯುತ್ತ ಕುಳಿತೆ. ಅಷ್ಟರಲ್ಲಿ ಯಾರೋ ಬಂದು, ಏನೂ ಕೇಳದೆ, ನನ್ನ ಪಕ್ಕ ಒಂದು ಕುಂಬಳಕಾಯಿ ಇಟ್ಟು ಹೋದರು.